ಬಹುಮತ ಸಿಗದ ಒಂದು ತೀರ್ಪು

ಅಮೆರಿಕದ ನ್ಯಾಯಾಂಗ ಎಂದೊಡನೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ನೆನಪಾಗುತ್ತದೆ. ಆದರೆ ಸಾಕ್ಷಿ ಕಟಕಟೆ ಹತ್ತುವುದು, ಜ್ಯೂರಿ ಎಂಬ ನಾಗರಿಕರ ಮಂಡಳಿ ಕೂರುವುದು ಕೆಳಗಿನ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ. ಅಲ್ಲಿನ ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಮ್ಮೆ ಕುಳಿತವರನ್ನು ಊರಿನವರಿಗೆ ಇಷ್ಟವಿಲ್ಲ ಎಂಬ ಕಾರಣಕ್ಕೆ ಏಳಿಸಲಾಗದು. ಜೂಲಿಯಸ್ ವೇಟೀಸ್ ವೇರಿಂಗರ ಪಾಲಿಗೆ ಈ ನಿಯಮ ಬರಿಯ ಪುಸ್ತಕದ ಮಾತಾಗಿರಲಿಲ್ಲ.

ವೇರಿಂಗ್ ಹುಟ್ಟಿದ್ದು 1880ರಲ್ಲಿ, ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದ ಹಳೆಯ ಮನೆತನದಲ್ಲಿ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಸೇನೆಯಲ್ಲಿ ತಂದೆ ದುಡಿದಿದ್ದರು. ಮಗ ವಕೀಲರಾಗಿ, ನಗರಾಡಳಿತದ ಕಾನೂನು ಸಲಹೆಗಾರರಾಗಿ, ಯಾರಿಗೂ ಇರಿಸುಮುರಿಸಾಗದಂತೆ ಅರುವತ್ತು ದಾಟಿದರು. 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಪೀಠಕ್ಕೆ ತಂದಾಗ ಕ್ರಾಂತಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ.

1946ರ ಫೆಬ್ರವರಿ 12ರಂದು ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ ಯುದ್ಧ ಸೇವೆ ಮುಗಿಸಿ, ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ಶೌಚಕ್ಕೆ ಬಸ್ಸು ನಿಲ್ಲಿಸುವ ವಿಷಯದಲ್ಲಿ ಚಾಲಕನೊಡನೆ ಮಾತಿಗೆ ಮಾತು ಬೆಳೆಯಿತು. ಬೇಟ್ಸ್‌ಬರ್ಗ್ ಎಂಬಲ್ಲಿ ಅವನನ್ನು ಕೆಳಗಿಳಿಸಲಾಯಿತು. ಊರಿನ ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಹೊಡೆದ ಹೊಡೆತಕ್ಕೆ ಎರಡೂ ಕಣ್ಣು ಹೋದವು. ನವೆಂಬರಿನಲ್ಲಿ ಮೊಕದ್ದಮೆ ವೇರಿಂಗರ ಮುಂದೆ ಬಂತು. ಸರ್ಕಾರಿ ವಕೀಲರು ಕಾಟಾಚಾರಕ್ಕೆ ವಾದಿಸಿದರು. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು. ಅವರು ಐದೇ ನಿಮಿಷದಲ್ಲಿ ಎದ್ದು ಬರಬಾರದೆಂದು ವೇರಿಂಗ್ ಬೇಕೆಂದೇ ಹೊರಗೆ ಅಡ್ಡಾಡಲು ಹೋದರಂತೆ! ಏನು ಬಂತು? ಅರ್ಧ ಗಂಟೆಯೊಳಗೆ ಶಲ್ ನಿರ್ದೋಷಿಯಾದ. ನ್ಯಾಯಾಧೀಶರ ಪತ್ನಿ ಎಲಿಜಬೆತ್ ಅಳುತ್ತ ಹೊರನಡೆದರು.

ಅಂದಿನಿಂದ ದಂಪತಿಗಳು ದಕ್ಷಿಣದ ವರ್ಣಸಮಸ್ಯೆಯ ಕುರಿತ ಪುಸ್ತಕಗಳನ್ನು ಒಟ್ಟಿಗೆ ಕುಳಿತು ಓದತೊಡಗಿದರು. ಅರುವತ್ತಾರರ ವಯಸ್ಸಿನಲ್ಲಿ, ತಮ್ಮದೇ ನ್ಯಾಯಾಲಯದಲ್ಲಿ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಮತ್ತೆ ವಿದ್ಯಾರ್ಥಿಯಾಗುವುದು ಸಣ್ಣ ಸಂಗತಿಯಲ್ಲ.

ಮರುವರ್ಷ ಮತದಾನದ ಮೊಕದ್ದಮೆ ಬಂತು. ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಯ್ಕೆಯೇ ನಿಜವಾದ ಚುನಾವಣೆ. ಆಮೇಲಿನದು ಶಾಸ್ತ್ರ ಮಾತ್ರ. ತನ್ನದು ಖಾಸಗಿ ಕ್ಲಬ್ಬು, ಕಪ್ಪು ಜನರನ್ನು ಸೇರಿಸುವುದು ಬಿಡುವುದು ತನಗೆ ಸೇರಿದ್ದು ಎಂಬುದು ಪಕ್ಷದ ವಾದ. ವೇರಿಂಗ್ ಅದನ್ನು ತಳ್ಳಿಹಾಕಿದರು.

ಇಷ್ಟಾದ ಮೇಲೆ ಔತಣದ ಕರೆಗಳು ನಿಂತವು. 1945ರಲ್ಲಿ ಮೊದಲ ಪತ್ನಿಯಿಂದ ವಿಚ್ಛೇದನ ಪಡೆದು ಉತ್ತರದ ಹೆಣ್ಣನ್ನು ಮದುವೆಯಾದಾಗಲೇ ಊರು ಮುನಿದಿತ್ತು. ಆ ಸೇಡನ್ನೇ ತೀರ್ಪುಗಳಲ್ಲಿ ತೀರಿಸಿಕೊಳ್ಳುತ್ತಿದ್ದಾರೆ ಎಂದವರೂ ಉಂಟು. ಮುನಿಸು ಇದ್ದಿರಬಹುದು, ಆದರೆ ವುಡರ್ಡನ ಕಣ್ಣು ಹೋದದ್ದು ವೇರಿಂಗರ ಮದುವೆಯಿಂದಲ್ಲವಷ್ಟೆ. 1950ರ ಅಕ್ಟೋಬರಿನಲ್ಲಿ ಅವರ ಮನೆಯ ಮೇಲೆ ಕಲ್ಲು ಬಿತ್ತು.

ಮರುತಿಂಗಳೇ ಕ್ಲಾರೆಂಡನ್ ಕೌಂಟಿಯ ಶಾಲೆಗಳ ಮೊಕದ್ದಮೆ ಎದುರಿಗೆ ಬಂತು. ಅಲ್ಲಿ ಬಿಳಿಯ ಮಕ್ಕಳಿಗೆ 30 ಶಾಲಾ ಬಸ್ಸುಗಳು, ಕಪ್ಪು ಮಕ್ಕಳಿಗೆ ಒಂದೂ ಇಲ್ಲ. ದೂರಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡ, ಅವನ ಹೆಂಡತಿ ಎಲೈಜಾ ಕೂಡ ತನ್ನ ಕೆಲಸ ಕಳೆದುಕೊಂಡಳು. ವಕೀಲ ಥರ್ಗುಡ್ ಮಾರ್ಷಲ್ ಸಮಾನ ಸೌಲಭ್ಯ ಕೇಳಿದ್ದರು. ‘ಪ್ರತ್ಯೇಕ, ಆದರೆ ಸಮಾನ’ ಎಂಬ 1896ರ ಸೂತ್ರದ ಚೌಕಟ್ಟಿನಲ್ಲೇ ಗೆಲ್ಲಬಹುದಾಗಿತ್ತು. ಬೇಡ, ಪ್ರತ್ಯೇಕಿಸುವುದೇ ಸಂವಿಧಾನಬಾಹಿರ ಎಂದು ಹೊಸದಾಗಿ ದಾವೆ ಹೂಡಿ ಎಂದರು ವೇರಿಂಗ್. ನ್ಯಾಯಾಧೀಶರೊಬ್ಬರು ಒಂದು ಪಕ್ಷದ ವಕೀಲರಿಗೆ ದಾರಿ ತೋರಬಹುದೇ? ಆಕ್ಷೇಪ ಸುಳ್ಳಲ್ಲ. ಹಾಗೆ ಹೂಡಿದ ದಾವೆ ಮೂವರು ನ್ಯಾಯಾಧೀಶರ ಪೀಠಕ್ಕೆ ಹೋಗಬೇಕು. ಅಲ್ಲಿ ಸೋಲು ಬಹುಮಟ್ಟಿಗೆ ಖಚಿತ. ಆದರೆ ಅಲ್ಲಿಂದ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಸೋಲನ್ನೇ ಮೆಟ್ಟಿಲಾಗಿಸುವ ಲೆಕ್ಕಾಚಾರ ಅದು.

1951ರ ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ದೂರದೂರದಿಂದ ಬಂದ ಕಪ್ಪು ಜನ ನ್ಯಾಯಾಲಯದ ಓಣಿಯಲ್ಲಿ ಕಿಕ್ಕಿರಿದು ನಿಂತರು. ಜೂನ್‌ನಲ್ಲಿ ಇಬ್ಬರು ನ್ಯಾಯಾಧೀಶರು ಒಂದು ಕಡೆ, ವೇರಿಂಗ್ ಒಬ್ಬರೇ ಇನ್ನೊಂದು ಕಡೆ. ಪ್ರತ್ಯೇಕಿಸುವುದೇ ಅಸಮಾನತೆ ಎಂದು ತಮ್ಮ ಭಿನ್ನ ತೀರ್ಪಿನಲ್ಲಿ ಬರೆದರು. ಮೂರು ವರ್ಷಗಳ ಬಳಿಕ, 1954ರ ಮೇ 17ರಂದು, ಕ್ಯಾನ್ಸಸ್‌ನ ಬ್ರೌನ್ ಪ್ರಕರಣದ ಜೊತೆ ಇದನ್ನೂ ಸೇರಿಸಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದೇ ನಿಲುವಿಗೆ ಬಂತು.

ಆ ಹೊತ್ತಿಗೆ ವೇರಿಂಗ್ ಚಾರ್ಲ್‌ಸ್ಟನ್ನಿನಲ್ಲಿರಲಿಲ್ಲ. 1952ರಲ್ಲೇ ನಿವೃತ್ತರಾಗಿ ನ್ಯೂಯಾರ್ಕ್ ಸೇರಿದ್ದರು. 1968ರ ಜನವರಿಯಲ್ಲಿ ಶವವಾಗಿ ಊರಿಗೆ ಮರಳಿದರು. ಸಮಾಧಿಯ ಬಳಿ ಸುಮಾರು 200 ಕಪ್ಪು ಜನ ನೆರೆದಿದ್ದರು. ಬಿಳಿಯರು ಹನ್ನೆರಡು ಮಂದಿಯೂ ಇರಲಿಲ್ಲ. ಚಾರ್ಲ್‌ಸ್ಟನ್ನಿನ ಫೆಡರಲ್ ನ್ಯಾಯಾಲಯ ಕಟ್ಟಡಕ್ಕೆ ಮುಂದೆ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್ ಹೆಸರಿಟ್ಟಿದ್ದರು. ತಮ್ಮ ಹೆಸರನ್ನು ತೆಗೆದು ವೇರಿಂಗರ ಹೆಸರಿಡಿ ಎಂದು ಹಾಲಿಂಗ್ಸ್ ತಾವಾಗಿಯೇ ಕೇಳಿಕೊಂಡರು. 2015ರಲ್ಲಿ ಫಲಕ ಬದಲಾಯಿತು.