ಸುಮ್ಮನೆ ನಿಂತ ಹೆಂಗಸರು



ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಯುದ್ಧದ ಸುದ್ದಿ ಓದಿದೆವು. ಆಗ ಒಬ್ಬ ಅಕ್ಕ ಕೇಳಿದರು: "ಎಲ್ಲೋ ದೂರದ ದೇಶದಾಗ ಹೊಡೆದಾಡ್ತಾರ. ಊರ ಉಸಾಬರಿ ನಮಗ್ಯಾಕ್ರೀ ಟೀಚರ್?" ಆವತ್ತು ನಮಗೆ ಉತ್ತರ ಹೊಳೆಯಲಿಲ್ಲ. ಇವತ್ತು ಒಂದು ನಡೆದ ಸಂಗತಿ ಹೇಳ್ತೀವಿ, ಕೇಳಿ.

ಯುರೋಪಿನಲ್ಲಿ ಯುಗೊಸ್ಲಾವಿಯಾ ಅಂತ ಒಂದು ದೇಶ ಇತ್ತು. 1991ರಲ್ಲಿ ಅದು ಒಡೆಯತೊಡಗಿತು. ಅಣ್ಣತಮ್ಮಂದಿರು ಪಾಲಾಗುವಾಗ ಜಗಳ ಆಗುವುದಿಲ್ಲವೇ? ಅಲ್ಲಿ ಬಂದೂಕು, ತೋಪು ಬಂದವು.

ಸರಾಯೆವೊ ಎಂಬ ಊರನ್ನು 1992ರ ಏಪ್ರಿಲ್‌ನಲ್ಲಿ ಸೈನ್ಯ ಮುತ್ತಿತು. ಸುತ್ತ ಬೆಟ್ಟ, ನಡುವೆ ಊರು. ಬೆಟ್ಟದ ಮೇಲಿಂದ ಗುಂಡು. ಮುತ್ತಿಗೆ ತೆರವಾದದ್ದು 1996ರ ಫೆಬ್ರವರಿಯಲ್ಲಿ. ಹೆಚ್ಚು ಕಡಿಮೆ ನಾಲ್ಕು ವರ್ಷ! ನಲ್ಲಿ ನಿಂತಿತು. ಕರೆಂಟು ಹೋಯಿತು. ಜನ ಕ್ಯಾನು ಹಿಡಿದು ನೀರಿಗೆ ಸಾಲು ನಿಂತರು. ಕೊಡ ಇಟ್ಟು ಕಾಯುವುದು ನಮಗೆ ಗೊತ್ತಲ್ಲ? ಆ ಸಾಲಿನ ಮೇಲೆ ಗುಂಡು ಬಿದ್ದರೆ? ಬಿತ್ತು. 1992ರ ಮೇ 27ರಂದು ಬ್ರೆಡ್ಡಿಗೆ ನಿಂತವರ ಮೇಲೆ. 1993ರ ಜುಲೈನಲ್ಲಿ ನೀರಿಗೆ ನಿಂತವರ ಮೇಲೆ.

2012ರಲ್ಲಿ ಆ ಊರಿನವರು ಬೀದಿಯಲ್ಲಿ 11,541 ಕೆಂಪು ಕುರ್ಚಿ ಇಟ್ಟರು. ಸತ್ತವರಿಗೆ ತಲಾ ಒಂದು. ಎಲ್ಲವೂ ಖಾಲಿ. ಮಕ್ಕಳಿಗೆ ಚಿಕ್ಕ ಕುರ್ಚಿ.

ಇನ್ನು ಬೆಲ್‌ಗ್ರೇಡ್ ಊರಿನ ಮಾತು. ಅದು ಸರ್ಬಿಯಾದ ರಾಜಧಾನಿ. ಮುತ್ತಿಗೆ ಹಾಕಿದವರಿಗೆ ಬೆಂಬಲ ಸಿಗುತ್ತಿದ್ದುದು ಅಲ್ಲಿಂದಲೇ. ಅಲ್ಲಿನ ಕೆಲವು ಹೆಂಗಸರಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಯುದ್ಧ ಶುರುವಾದ ವರ್ಷವೇ, 1991ರ ಅಕ್ಟೋಬರ್ 9ರ ಬುಧವಾರ, ಕಪ್ಪು ಬಟ್ಟೆ ತೊಟ್ಟು ಬೀದಿಗೆ ಬಂದು ನಿಂತರು. ಕೂಗಲಿಲ್ಲ. ಕಲ್ಲು ತೂರಲಿಲ್ಲ. ಸುಮ್ಮನೆ ನಿಂತರು. ಮುಂದಿನ ಬುಧವಾರವೂ ಬಂದರು. ಸರಾಯೆವೊ ಮುತ್ತಿಗೆಯಾದ ಮೇಲೂ ಬಂದರು. ನಮ್ಮಲ್ಲಿ ಚಂದ್ರಕಾಳಿ ಸೀರೆ ಉಟ್ಟರೆ ಎಷ್ಟು ಚೆಂದ! ಅಲ್ಲಿ ಕಪ್ಪು ಅಂದರೆ ಸೂತಕದ ಬಣ್ಣ.

ಹೋಗಿಬರುವವರು ಉಗುಳಿದರು. "ದೇಶದ್ರೋಹಿಗಳು" ಎಂದರು. ಬಾಯಲ್ಲಿ ಹೇಳಬಾರದ ಮಾತನ್ನೂ ಆಡಿದರು. ಹೆಂಗಸು ಬೀದಿಗೆ ಬಂದರೆ ಆ ಮಾತು ಎಲ್ಲ ದೇಶದಲ್ಲೂ ಒಂದೇ, ನೋಡಿ.

ಇದನ್ನು ಅವರು ಕಲಿತದ್ದು ಇಟಲಿಯ ಹೆಂಗಸರಿಂದ. ಇಟಲಿಯವರು ಕಲಿತದ್ದು ಜೆರುಸಲೇಮಿನ ಯಹೂದಿ ಹೆಂಗಸರಿಂದ. ಪ್ಯಾಲೆಸ್ಟೀನಿನವರ ನೆಲವನ್ನು ತಮ್ಮ ಸರ್ಕಾರ ಹಿಡಿದಿಟ್ಟುಕೊಂಡದ್ದು ಸಾಕು ಎಂದು ಅವರು 1988ರಿಂದ ಶುಕ್ರವಾರ ಶುಕ್ರವಾರ ನಿಲ್ಲುತ್ತಿದ್ದರು. ಬೀಸುವ ಹಾಡು ತವರಿನಿಂದ ಗಂಡನ ಮನೆಗೆ ಹೋಗುತ್ತದಲ್ಲ, ಹಾಗೆ ಇದು ಊರೂರು ದಾಟಿತು. ಬೆಂಗಳೂರಿಗೂ ಬಂತು. 1990ರ ದಶಕದಲ್ಲಿ ವಿಮೋಚನಾ ಸಂಘಟನೆಯ ಹೆಂಗಸರು ಅಲ್ಲಿ ಕಪ್ಪು ಉಟ್ಟು ಮೌನವಾಗಿ ನಿಂತರು.

ನಿಂತರೆ ಯುದ್ಧ ನಿಲ್ಲುತ್ತದೆಯೇ? ನಿಲ್ಲಲಿಲ್ಲ. ಸುಳ್ಳು ಯಾಕೆ ಹೇಳೋಣ? ಆದರೆ ನೀವೇ ಹೇಳಿ. ಓಣಿಯಲ್ಲಿ ಸಾವಾದರೆ ಹೋಗಿ ಕೂರ್ತೀವಿ. ಕೂತರೆ ಸತ್ತವರು ಎದ್ದು ಬರ್ತಾರಾ? ಆ ಮನೆಯಲ್ಲಿ ಒಲೆ ಹಚ್ಚೋದಿಲ್ಲ ಅಂತ ಗಂಜಿ ಒಯ್ತೀವಿ. ಜಗಳ ಆಡಿ ಮಾತು ಬಿಟ್ಟವರೂ ಆವತ್ತು ಬರ್ತಾರೆ. ಯಾಕೆ ಅಂತ ಯಾರೂ ಕೇಳೋದಿಲ್ಲ.

ಬೆಲ್‌ಗ್ರೇಡಿನ ಹೆಂಗಸರು ನಿಂತು ಮನೆಗೆ ಹೋಗಲಿಲ್ಲ. ಸೈನ್ಯಕ್ಕೆ ಸೇರಲ್ಲ ಎಂದ ಹುಡುಗರ ಬೆನ್ನಿಗೆ ನಿಂತರು. ಮನೆಮಠ ಕಳೆದುಕೊಂಡು ಬಂದ ಬೋಸ್ನಿಯಾದ ಹೆಂಗಸರ ಶಿಬಿರಗಳಿಗೆ ಹೋದರು. ಅವರ ಜೊತೆ ಕೂತರು. ನಿಮ್ಮ ನೆನಪು ಬರೆಯಿರಿ ಎಂದರು. ಆ ಹೆಂಗಸರು ಬಿಟ್ಟು ಬಂದ ಮನೆ, ಊರು ಕುರಿತು ಬರೆದರು. ಅದು ಪುಸ್ತಕವಾಯಿತು. ಬೇರೆ ಭಾಷೆಗಳಲ್ಲೂ ಬಂತು. ಪುಸ್ತಕದ ಹೆಸರು 'ನನಗೆ ನೆನಪಿದೆ'.

ಸ್ಲೇಟು ತೆಗೀರಿ. ಆ ಎರಡು ಪದ ಬರೆಯಿರಿ. ಮುಂದಿನ ಪದಗಳು ನಿಮ್ಮವು. ಹೋದ ವಾರ ಪ್ರಶ್ನೆ ಕೇಳಿದ ಅಕ್ಕನೇ ಮೊದಲು ಓದಿ ಹೇಳಲಿ.