ಅಲ್ಪಾವಧಿಯ ಟೊಮೇಟೊ



ನಮ್ಮ ಅಡುಗೆಮನೆಗೆ ತಡವಾಗಿ ಬಂದು, ಬಂದಮೇಲೆ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡ ಅತಿಥಿ ಟೊಮೇಟೊ. ಆಂಡಿಸ್ ಪರ್ವತ ಪ್ರಾಂತದ ಕಾಡುಗಿಡವಾಗಿದ್ದು, ಮೆಕ್ಸಿಕೊದಲ್ಲಿ ಕೃಷಿಗೆ ಒಳಪಟ್ಟು, ಕಡಲು ದಾಟಿ ಬಂದ ಈ ಹಣ್ಣಿಲ್ಲದೆ ಇಂದು ಸಾರು ಕುದಿಯುವುದಿಲ್ಲ. 2023ರ ಜುಲೈನಲ್ಲಿ ಅದರ ಬೆಲೆ ಕಿಲೋಗೆ ನೂರು ರೂಪಾಯಿಯನ್ನು ದಾಟಿತು. ಬೆಲೆ ಬಿದ್ದ ವರ್ಷಗಳಲ್ಲಿ ಬೆಳೆದವನೇ ಅದನ್ನು ರಸ್ತೆಗೆ ಸುರಿದದ್ದೂ ಉಂಟು. ಈ ಏರಿಳಿತದ ನಡುವೆ ಹಿತ್ತಲಿನ ಆರೇಳು ಗಿಡಗಳು ಒಂದು ಸಂಸಾರಕ್ಕೆ ಸಣ್ಣ ಆಸರೆಯಲ್ಲ.

ಬೇಗ ಫಲ ಕೊಡುವ ಬಗೆಗಳನ್ನು ಅಲ್ಪಾವಧಿಯ ತಳಿಗಳೆನ್ನುತ್ತೇವೆ. ಹೂವು ಕಚ್ಚಿ ಹಣ್ಣು ಕೆಂಪಾಗಲು ಸಾಮಾನ್ಯವಾಗಿ ಸುಮಾರು ನಲವತ್ತೈದು ದಿನ ಬೇಕು. ಆ ಅವಧಿಯನ್ನು ಹೆಚ್ಚು ಕುಗ್ಗಿಸಲಾಗದು. ಅಲ್ಪಾವಧಿಯ ಗಿಡದ ಜಾಣ್ಮೆ ಇರುವುದು ಹೂಬಿಡುವ ಆತುರದಲ್ಲಿ. ಅದು ಕೆಲವೇ ಎಲೆಗಳ ನಂತರ ಗೊಂಚಲು ಬಿಟ್ಟು, ಗಿಡ್ಡಗೆ ನಿಂತು, ತುದಿಯಲ್ಲಿಯೂ ಹೂವಿನಿಂದಲೇ ತನ್ನ ಬೆಳವಣಿಗೆಯನ್ನು ಮುಗಿಸಿಕೊಳ್ಳುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಅರ್ಲಿ ಡ್ವಾರ್ಫ್ ಇಂತಹದು. ಸಸಿ ನೆಟ್ಟ ಎರಡು ತಿಂಗಳೊಳಗೆ ಅದರ ಮೊದಲ ಕೊಯ್ಲು.

ಕೆನಡ, ರಷ್ಯಗಳಂಥ ದೇಶಗಳಲ್ಲಿ ಇಂತಹ ತಳಿಗಳಿಗೆ ಕಾರಣ ಸ್ಪಷ್ಟ. ಹಿಮ ಬೀಳುವುದರೊಳಗೆ ಹಣ್ಣು ಕೈಸೇರಬೇಕು. ಹಿಮವನ್ನೇ ಕಾಣದ ನ್ಯಾಮತಿಯಲ್ಲಿ ನಮಗೇಕೆ ಈ ಅವಸರ? ನಮ್ಮ ಶತ್ರು ಚಳಿಯಲ್ಲ, ಬಿಸಿಲು. ಹಗಲಿನ ಶಾಖ ಮೂವತ್ತೈದು ಡಿಗ್ರಿಯನ್ನು ಮೀರಿ, ರಾತ್ರಿಯೂ ತಂಪಾಗದಿದ್ದರೆ ಹೂವು ಉದುರುತ್ತದೆ. ಹಣ್ಣು ಕೆಂಪೇರದೆ ಹಳದಿಯಾಗಿಯೇ ಉಳಿಯುತ್ತದೆ. ಬೇಸಗೆಯಲ್ಲಿ ಬಿಳಿನೊಣ ಹೆಚ್ಚಿ ಎಲೆಮುಟುರು ರೋಗವನ್ನು ಹರಡುತ್ತದೆ. ಇತ್ತ ಮುಂಗಾರಿನ ಜಡಿಮಳೆಯಲ್ಲಿ ಅಂಗಮಾರಿಯ ಕಾಟ. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಸೀಮೆಯಲ್ಲಿ ಈ ಎರಡರ ನಡುವೆ ದೊರೆಯುವ ಹಿತವಾದ ಅವಧಿ ನಾಲ್ಕೈದು ತಿಂಗಳು ಮಾತ್ರ. ಅಲ್ಪಾವಧಿಯ ತಳಿ ಅದರೊಳಗೆ ಹಿಡಿಸುತ್ತದೆ. ಬೇಗ ಎಂಬುದಕ್ಕಿಂತ ಹೊತ್ತಿಗೆ ಸರಿಯಾಗಿ ಎಂಬುದೇ ಇಲ್ಲಿ ಮುಖ್ಯ.

ನಮ್ಮ ಹಿರಿಯರ ಮಳೆ ನಕ್ಷತ್ರಗಳ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಸೆಪ್ಟೆಂಬರ್ ನಡುವಿನ ಉತ್ತರೆ ಮಳೆಯಲ್ಲಿ ಏರುಮಡಿಯ ಮೇಲೆ ಬೀಜ ಹಾಕಬೇಕು. ಸಸಿಗಳ ಮೇಲೆ ತೆಳುವಾದ ನೈಲಾನ್ ಪರದೆ ಹೊದಿಸಿದರೆ ಬಿಳಿನೊಣ ಎಳೆಯ ಗಿಡವನ್ನು ಮುಟ್ಟದು. ನಾಲ್ಕು ವಾರದ ಸಸಿಯನ್ನು ಅಕ್ಟೋಬರಿನ ಚಿತ್ತೆ ಮಳೆಯ ಹೊತ್ತಿಗೆ, ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರದಲ್ಲಿ, ಸಂಜೆಯ ವೇಳೆ ನೆಡಬೇಕು. ಧನುರ್ಮಾಸದಲ್ಲಿ ಹಣ್ಣು ಕೈಗೆ ಬರುತ್ತದೆ. ಶಿವರಾತ್ರಿಯ ಬಿಸಿಲು ಬಲಿಯುವುದರೊಳಗೆ ಗಿಡದ ಕೆಲಸ ಮುಗಿದಿರುತ್ತದೆ.

ಆರೈಕೆಯಲ್ಲಿ ಕೆಲವು ಮಾತು. ಬದನೆ, ಮೆಣಸಿನಕಾಯಿ ಇದ್ದ ಮಡಿಯಲ್ಲಿ ಟೊಮೇಟೊ ಬೇಡ. ಮೂರೂ ಒಂದೇ ಕುಲದವು, ಒಂದರ ಸೊರಗು ರೋಗ ಮಣ್ಣಿನಲ್ಲುಳಿದು ಮತ್ತೊಂದಕ್ಕೆ ತಗಲುತ್ತದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ. ಯೂರಿಯಾ ಅತಿಯಾದರೆ ಗಿಡ ಸೊಪ್ಪಾಗಿ ಬೆಳೆದು ಹೂವನ್ನು ಮುಂದೂಡುತ್ತದೆ. ಬೇಗ ಬರಲೆಂದು ಹಾಕಿದ್ದೇ ತಡಕ್ಕೆ ಕಾರಣವಾಗುತ್ತದೆ. ಉದ್ದ ಬೆಳೆಯುವ ಜಾತಿಗಳಂತೆ ಗಿಡ್ಡ ತಳಿಯ ಪಕ್ಕದ ಚಿಗುರುಗಳನ್ನು ಚಿವುಟಬಾರದು, ಅದರ ಫಸಲು ಅವುಗಳಲ್ಲಿಯೇ ಇದೆ. ನೀರನ್ನು ಬುಡಕ್ಕೆ ಹದವಾಗಿ ಕೊಡಬೇಕು. ಒಂದು ವಾರ ಒಣಗಿಸಿ ಮರುದಿನ ತುಂಬಿಸಿದರೆ ಹಣ್ಣು ಬಿರಿಯುತ್ತದೆ.

ಕೊನೆಯದು ಬೀಜದ ವಿಚಾರ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ಸಂಕರ ತಳಿ ಎಲೆಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯಬಲ್ಲದು. ಆದರೆ ಅದರ ಹಣ್ಣಿನ ಬೀಜ ತಾಯಿಯ ಗುಣವನ್ನು ಹಾಗೆಯೇ ಉಳಿಸದು. ಪ್ರತಿವರ್ಷವೂ ಹೊಸ ಬೀಜ ಕೊಳ್ಳಬೇಕು. ಸಂಕರವಲ್ಲದ ತಳಿಯ ಹೂವು ಬಹುಮಟ್ಟಿಗೆ ತನ್ನಲ್ಲಿಯೇ ಪರಾಗಗೊಳ್ಳುವುದರಿಂದ ಬೀಜ ಕೆಡುವುದಿಲ್ಲ. ಎಲ್ಲಕ್ಕೂ ಮೊದಲು ಹಣ್ಣಾದ ಆರೋಗ್ಯವಂತ ಗಿಡವನ್ನು ಗುರುತಿಸಿ, ಅದರ ಒಂದೆರಡು ಹಣ್ಣುಗಳನ್ನು ಸಾರಿಗೆ ಹಾಕದೆ ಉಳಿಸಿ, ತಿರುಳನ್ನು ಎರಡು ದಿನ ಹುಳಿಯಿಸಿ, ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಿಡಿ. ಮುಂದಿನ ಉತ್ತರೆ ಮಳೆಗೆ ಅಂಗಡಿಯ ದಾರಿ ಕಾಯಬೇಕಾಗಿಲ್ಲ.