ಚೌಕದಲ್ಲಿ ನಡೆದ ತಾಯಂದಿರು

(ಮಾನವ ಹಕ್ಕುಗಳ ದಿನದಂದು ಶಾಲೆಯಲ್ಲಿ ಮಾಡಿದ ಭಾಷಣದ ಸಾರ)



ಇಂದು ಡಿಸೆಂಬರ್ 10. 1948ರಲ್ಲಿ ಇದೇ ದಿನ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ವಿಧಿಗಳನ್ನು ವಿವರಿಸುವುದಕ್ಕಿಂತ, ಆ ಹಕ್ಕುಗಳಿಗಾಗಿ ಪ್ರಾಣ ತೆತ್ತ ಒಬ್ಬ ತಾಯಿಯ ವೃತ್ತಾಂತವನ್ನು ತಮ್ಮ ಮುಂದಿಡುವುದು ಮೇಲೆಂದು ಭಾವಿಸಿದ್ದೇನೆ.

ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ 1976ರ ಮಾರ್ಚ್ 24ರಂದು ಸೇನಾಧಿಪತಿಗಳು ಅಧಿಕಾರವನ್ನು ಕಸಿದುಕೊಂಡರು. ಕಾರ್ಮಿಕರು, ವಿದ್ಯಾರ್ಥಿಗಳು, ಅಧ್ಯಾಪಕರು ಸಾವಿರಾರು ಸಂಖ್ಯೆಯಲ್ಲಿ ಕಣ್ಮರೆಯಾದರು. ಠಾಣೆಯಲ್ಲಾಗಲಿ ಕಚೇರಿಯಲ್ಲಾಗಲಿ ಹೆತ್ತವರಿಗೆ ಉತ್ತರವಿಲ್ಲ. ಸತ್ತರೆಂದು ಅಳುವಂತಿಲ್ಲ, ಬರುವರೆಂದು ನಂಬುವಂತಿಲ್ಲ.

ಮಗನನ್ನೂ ಸೊಸೆಯನ್ನೂ ಹೀಗೆ ಕಳೆದುಕೊಂಡ ಅಸುಸೆನಾ ವಿಲ್ಲಾಫ್ಲೋರ್ ಎಂಬ ಗೃಹಿಣಿ, 1977ರ ಏಪ್ರಿಲ್ 30ರಂದು ಇತರ 13 ಮಂದಿ ಸ್ತ್ರೀಯರೊಡನೆ ರಾಜಧಾನಿ ಬ್ಯೂನಸ್ ಐರಿಸ್‌ನ ಮೇ ಚೌಕಕ್ಕೆ ಬಂದರು. ಎದುರಿಗೇ ಅಧ್ಯಕ್ಷರ ಸೌಧ. ಗುಂಪುಗೂಡಿ ನಿಲ್ಲಬಾರದು, ನಡೆಯಿರಿ ಎಂದು ಪೋಲೀಸರು ಗದರಿದರು. ಸರಿ, ತಾಯಂದಿರು ನಡೆದರು, ಚೌಕವನ್ನೇ ಸುತ್ತತೊಡಗಿದರು. ಮುಂದೆ ಪ್ರತಿ ಗುರುವಾರವೂ ತಲೆಗೆ ಬಿಳಿಯ ವಸ್ತ್ರ ಕಟ್ಟಿ ಸುತ್ತು ಬರುವುದು ಅವರ ವ್ರತವಾಯಿತು.

ಅದೇ ವರ್ಷ ಡಿಸೆಂಬರ್ 10ರಂದು, ಅವರು ಹಣ ಕೂಡಿಸಿ ಕೊಟ್ಟಿದ್ದ ಜಾಹೀರಾತು ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದುದು ಕಣ್ಮರೆಯಾದವರ ಹೆಸರುಗಳು. ಆ ದಿನವೇ ಅಸುಸೆನಾ ಅವರನ್ನು ಅಪಹರಿಸಲಾಯಿತು. ಅವರು ಮರಳಲಿಲ್ಲ. 2005ರಲ್ಲಿ ತಜ್ಞರು ಅವರ ಅಸ್ಥಿಯನ್ನು ಗುರುತಿಸಿದರು. ಚಿತಾಭಸ್ಮವನ್ನು ಆ ಚೌಕದಲ್ಲಿಯೇ ಇರಿಸಲಾಯಿತು.

ನಾಯಕಿಯನ್ನು ಕಳೆದುಕೊಂಡರೂ ಉಳಿದ ತಾಯಂದಿರು ಗುರುವಾರವನ್ನು ಬಿಡಲಿಲ್ಲ. 1978ರಲ್ಲಿ ವಿಶ್ವಕಪ್ ಕಾಲ್ಚೆಂಡಾಟಕ್ಕೆ ಬಂದ ಡಚ್ ಪತ್ರಕರ್ತರು ಅವರ ಅಳಲನ್ನು ಚಿತ್ರೀಕರಿಸಿ ತಮ್ಮ ದೇಶಕ್ಕೆ ಮುಟ್ಟಿಸಿದರು. ಅದನ್ನು ಕಂಡ ಹಾಲೆಂಡಿನ ಮಹಿಳೆಯರು ನೆರವಿನ ಸಮಿತಿಯೊಂದನ್ನು ಕಟ್ಟಿದರು. ಚಂದಾ ಎತ್ತಿ, ತಾಯಂದಿರ ಸಂಘವು ಸ್ವಂತ ಮನೆ ಕೊಳ್ಳಲು ಸಹಾಯ ಮಾಡಿದರು. ಹೋರಾಟದ ಮುಂದಾಳುತನವನ್ನು ಮಾತ್ರ ತಾಯಂದಿರಿಗೇ ಬಿಟ್ಟರು.

ಮಹನೀಯರೆ, ಬೆಂಬಲವೆಂದರೆ ಇದೇ ಎಂದು ನನ್ನ ಭಾವನೆ. ನೊಂದವರಿಗೆ ಉಪದೇಶ ಬೇಕಿಲ್ಲ. ಅವರು ಎತ್ತಿದ ಪ್ರಶ್ನೆಯನ್ನು ನಾವೂ ಎತ್ತಬೇಕು. ಕುಳಿತು ಕೆಲಸ ಮಾಡಲು ಅವರಿಗೊಂದು ನೆಲೆಯಾಗಬೇಕು. ತಾವೆಂದೂ ಕಾಣದ ಮಕ್ಕಳಿಗಾಗಿ ದಾನಿಗಳು ಕೊಟ್ಟ ಕಾಸಿನಿಂದ ನಿಂತ ಈ ಶಾಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜೆಂಟೀನದಲ್ಲಿ ಪ್ರಜಾಪ್ರಭುತ್ವವು ಮರಳಿ ಬಂದುದು 1983ರಲ್ಲಿ. ಆ ದಿನವೂ ಡಿಸೆಂಬರ್ 10. ವಿದ್ಯಾರ್ಥಿಗಳೆ, ಯಾವುದೇ ದೇಶ ಸಂಕಟದಲ್ಲಿದೆಯೆಂದು ಕೇಳಿದಾಗ, ಅಲ್ಲಿ ಕಾಣೆಯಾದವರ ಹೆಸರನ್ನು ಬರೆದಿಡುತ್ತಿರುವವರು ಯಾರೆಂದು ವಿಚಾರಿಸಿರಿ. ಅವರ ಬೆನ್ನಿಗೆ ನಿಲ್ಲಿರಿ.